ಸಿಪ್ಪೆಯ ನಾರು, ಬೀಜದ ಸತ್ವ

ತರಕಾರಿ ಸಿಪ್ಪೆಯಲ್ಲಿ ಹೆಚ್ಚಿನ ಪಾಲು ನೀರು ಮತ್ತು ನಾರು. ಜೊತೆಗೆ ಬಣ್ಣ ಕೊಡುವ ಆಂಟಿಆಕ್ಸಿಡೆಂಟ್‌ಗಳು. ಬದನೆಕಾಯಿಯ ನೇರಳೆ ವರ್ಣದ್ರವ್ಯ ಇರುವುದು ಸಿಪ್ಪೆಯಲ್ಲೇ. ಬೀಜವಾದರೋ ಮುಂದಿನ ಸಸಿಗೆ ಕಟ್ಟಿಟ್ಟ ಬುತ್ತಿ. ಸುಲಿದು ಒಣಗಿಸಿದ 100 ಗ್ರಾಂ ಕುಂಬಳಬೀಜದಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು, ಹೇರಳ ಮೆಗ್ನೀಷಿಯಂ ಮತ್ತು ಸತು ಇರುತ್ತವೆ. ಕ್ಯಾಲೊರಿಯೂ 550 ದಾಟುವುದರಿಂದ ದಿನಕ್ಕೆ ಒಂದು ಹಿಡಿ ಧಾರಾಳವಾಯಿತು. ಹಲಸಿನ ಬೀಜದ ಲೆಕ್ಕವೇ ಬೇರೆ: ಕೊಬ್ಬು ಅತ್ಯಲ್ಪ, ಪಿಷ್ಟವೇ ಪ್ರಧಾನ. ಹೀರೆಕಾಯಿ ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು ಸೇರಿಸಿ ಅರೆದ ಚಟ್ನಿಯಲ್ಲಿ ನಾರು ಸಿಪ್ಪೆಯದು, ಪ್ರೋಟೀನ್ ಬಹುಪಾಲು ಬೇಳೆಯದು. ಕೀಟನಾಶಕದ ಉಳಿಕೆ ಹೆಚ್ಚಾಗಿ ನಿಲ್ಲುವುದೂ ಸಿಪ್ಪೆಯ ಮೇಲೇ. ಚೆನ್ನಾಗಿ ತೊಳೆಯದೆ ಬಳಸುವಂತಿಲ್ಲ. ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆಯಲ್ಲಿ ಸೊಲನೀನ್ ವಿಷ ಹೆಚ್ಚಿರುವುದರಿಂದ ಅದನ್ನು ತಿನ್ನಲೇಬಾರದು.