ಮಣ್ಣಿನ ಕುದುರೆ

ಸೇರಿಸುವುದು ಸುಲಭ, ಬಿಡುವುದು ಕಷ್ಟ. ಈ ಮಾತು ಕಾವ್ಯಕ್ಕೆ ಸಲ್ಲುವಂತೆ ಮಕ್ಕಳ ಬೊಂಬೆಗಳಿಗೂ ಸಲ್ಲುವುದೆಂಬುದಕ್ಕೆ ಹರಿಹರ ಸೀಮೆಯ ಕಡರನಾಯಕನಹಳ್ಳಿಯ ಐವರು ವಿದ್ಯಾರ್ಥಿಗಳ ಪ್ರಸಂಗವು ನಿದರ್ಶನವಾಗಿದೆ.

ಸಮತೋಲ, ಪ್ರಮಾಣ, ಲಯ, ವೈದೃಶ್ಯ, ಪ್ರಾಧಾನ್ಯ ಎಂಬ ವಿನ್ಯಾಸದ ಐದು ತತ್ತ್ವಗಳನ್ನು ಜೇಡಿಮಣ್ಣಿನ ಬೊಂಬೆಗಳಿಂದ ತೋರಿಸುವ ಚಲಚ್ಚಿತ್ರವೊಂದನ್ನು ರಚಿಸಬೇಕೆಂದು ಅವರು ಸಂಕಲ್ಪಿಸಿದರು. ಇದರ ಕ್ರಮವು ಸರಳವಾದುದು: ಬೊಂಬೆಯನ್ನು ಎಳ್ಳಷ್ಟು ಸರಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಎಳ್ಳಷ್ಟು ಸರಿಸಿ ಇನ್ನೊಂದು. ಅವುಗಳನ್ನು ವೇಗವಾಗಿ ಒಂದರ ಹಿಂದೊಂದು ತೋರಿಸಿದರೆ ಜಡವಾದ ಮಣ್ಣು ನಡೆದಾಡುವಂತೆ ಕಾಣುವುದು. ದಾದಾಸಾಹೇಬ ಫಾಲ್ಕೆಯವರು 1913 ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತರುವುದಕ್ಕೆ ಮುನ್ನ ಬಟಾಣಿಯ ಗಿಡವು ಬೆಳೆಯುವ ಬಗೆಯನ್ನು ಹೀಗೆಯೇ ಬಿಡಿಬಿಡಿ ಚಿತ್ರಗಳಿಂದ ತೋರಿಸಿದ್ದರು.

ತಲಾ ಒಂದು ತತ್ತ್ವ, ತಲಾ ಒಂದು ನಿಮಿಷ ಎಂದು ನಿಶ್ಚಯವಾಯಿತು. ಲೆಕ್ಕ ಬರೆಯುವ ಹುಡುಗನು ಸೆಕೆಂಡಿಗೆ 12 ಚಿತ್ರಗಳಂತೆ ಗುಣಿಸಲು ಮೊತ್ತವು 3,600 ಆಯಿತು. ನಿಮಿಷಕ್ಕೆ ಎರಡು ಚಿತ್ರ ತೆಗೆದರೂ 30 ಗಂಟೆ ಬೇಕು. ಶಾಲೆಯ ಕೊಠಡಿ ದೊರೆಯುವುದಾದರೋ ಒಂದು ಭಾನುವಾರ ಮಾತ್ರ. ಯಾರ ತತ್ತ್ವವನ್ನು ಬಿಡಬೇಕು? ಒಬ್ಬರೂ ಒಪ್ಪಲಿಲ್ಲ. ಲಯಕ್ಕಾಗಿ ನಾಲ್ಕು ದಿನ ಕುಳಿತು ಕುದುರೆಯೊಂದನ್ನು ಮಾಡಿ, ಒದ್ದೆ ಬಟ್ಟೆ ಸುತ್ತಿ ಕಾಪಾಡಿಕೊಂಡಿದ್ದ ಬಾಲಕಿಯಂತೂ ಉಳಿದವರೊಡನೆ ಮಾತನ್ನೇ ಬಿಟ್ಟಳು.

ಚಿತ್ರಕಲೆಯ ಉಪಾಧ್ಯಾಯಿನಿಯವರು ತೀರ್ಪು ಹೇಳದೆ ಅವರನ್ನು ಹರಿಹರೇಶ್ವರನ ಸನ್ನಿಧಿಗೆ ಕರೆದೊಯ್ದರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224 ರಲ್ಲಿ ಕಟ್ಟಿಸಿದ ಆ ದೇವಾಲಯದ ಮೂರ್ತಿಯಲ್ಲಿ ಬಲಭಾಗವು ಹರ, ಎಡಭಾಗವು ಹರಿ. ಲಾಂಛನಗಳು ಬೇರೆ ಬೇರೆ. ಆದರೂ ವಿಗ್ರಹವು ಯಾವ ಕಡೆಗೂ ವಾಲಿದಂತೆ ತೋರದು.

“ಟೀಚರ್, ವೈದೃಶ್ಯ, ಸಮತೋಲ ಎರಡೂ ಒಂದೇ ಮೂರ್ತಿಯಲ್ಲಿ ಇವೆಯಲ್ಲ!” ಎಂದನು ಲೆಕ್ಕದ ಹುಡುಗ.

ಮರಳುವ ದಾರಿಯಲ್ಲಿಯೇ ಯೋಜನೆಯು ಬದಲಾಯಿತು. ಒಂದು ಮುದ್ದೆಯು ಎರಡಾಗಿ ಒಡೆದು, ಒಂದು ಹಿರಿದು ಒಂದು ಕಿರಿದಾಗಿ, ಬೇರೆ ಬೇರೆ ರೂಪ ಧರಿಸಿ, ಸಮನಾದ ಹೆಜ್ಜೆಯಿಡುತ್ತ ಬಂದು, ಬರಿಯ ಮೇಜಿನ ನಡುವೆ ಒಂದೇ ಮೂರ್ತಿಯಾಗಿ ನಿಲ್ಲುವುದು. ಒಂದೇ ನಿಮಿಷ, 720 ಚಿತ್ರ, 6 ಗಂಟೆ. ಬಿಸಿಲು ಸರಿದಂತೆ ಚಿತ್ರದ ಬೆಳಕು ಏರಿಳಿಯದಿರಲೆಂದು ಕಿಟಕಿ ಮುಚ್ಚಿ ದೀಪವಿಡುವುದೆಂದೂ, ಮೊಬೈಲನ್ನು ಅಲುಗದಂತೆ ಬಿಗಿಯುವುದೆಂದೂ ಗೊತ್ತಾಯಿತು.

ಆದರೆ ಆ ಕಥೆಯಲ್ಲಿ ಕುದುರೆಗೆ ಸ್ಥಾನವಿರಲಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ಸ್ಥಾನ ತಪ್ಪಿದ ಆಭರಣವು ಎಷ್ಟು ಬೆಲೆಯುಳ್ಳದ್ದಾದರೂ ಶೋಭಿಸದು. ಶಾಸ್ತ್ರ ಓದಿದವರು ಇದನ್ನು ಬಲ್ಲರು. ತಾನೇ ಮಾಡಿದ ಆಭರಣವನ್ನು ತಾನೇ ಕಳಚುವುದು ಬೇರೆ ಮಾತು. ಮಕ್ಕಳಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಮರುದಿನ ಮಣ್ಣು ಸಾಲದೆಂದು ಕಂಡಾಗ ಬಾಲಕಿಯು ತಾನಾಗಿ ಕುದುರೆಯನ್ನು ತಂದು, ಒಮ್ಮೆ ಅದರ ಬೆನ್ನು ಸವರಿ, ನೀರು ಚಿಮುಕಿಸಿ ನಾದಿ ಮುದ್ದೆಗೆ ಸೇರಿಸಿದಳು.

ಬೊಂಬೆಯ ಪ್ರತಿಯೊಂದು ಹೆಜ್ಜೆಯನ್ನೂ ಸರಿಸುವ ಕೆಲಸವು ಅವಳದೇ ಎಂದು ಉಳಿದ ನಾಲ್ವರೂ ಒಮ್ಮತದಿಂದ ಬರೆದುಕೊಂಡರು. ಚಿತ್ರವು ಇನ್ನು ಮುಂದಿನದು. ಪಾಠವು ಅಲ್ಲಿಗೇ ಪೂರ್ಣವಾಗಿತ್ತು.