ಕೆಸರಿನ ದೋಣಿಗೆ ಯಂತ್ರವನ್ನು ಆರಿಸಿದ್ದು

ವಾಚಕ ಮಹಾಶಯರು ಈ ತಲೆಬರಹವನ್ನು ಕಂಡು ಹುಬ್ಬೇರಿಸಬಹುದು. 34 ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಮಗೂ, ಬಾತುಕೋಳಿಯ ಬೇಟೆಗೆ ಹೋಗುವ ದೋಣಿಯ ಯಂತ್ರಕ್ಕೂ ಎತ್ತಣ ಸಂಬಂಧವೆಂದು ಕೇಳಬಹುದು. ಸಂಬಂಧವು ನಮ್ಮ ಅಳಿಯಂದಿರ ಮೂಲಕ ಬಂದುದು. ವಿಷಯವು ದೂರ ದೇಶದ್ದಾದರೂ ಅದರೊಳಗಿನ ವಿಚಾರವು ಯಾವ ಗೃಹಸ್ಥನಿಗೂ ಹೊರತಾದುದಲ್ಲವೆಂದು ನಂಬಿ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಮಗಳನ್ನು ಕೊಡಗಿನ ಮನೆತನಕ್ಕೆ ಕೊಟ್ಟಿದ್ದೇವೆ. ಕೈಲ್‌ಪೋಳ್ದ್ ಹಬ್ಬದ ದಿನ ಕೋವಿಯನ್ನು ಪೂಜಿಸುವ ಮನೆಯದು. ಅಳಿಯಂದಿರು ಇಂಜಿನಿಯರಾಗಿ ಅಮೆರಿಕದ ಲೂಯಿಸಿಯಾನಾ ಸಂಸ್ಥಾನದ ಲಾಫಾಯೆಟ್ ನಗರದಲ್ಲಿದ್ದಾರೆ. ಕಳೆದ ಚಳಿಗಾಲದಲ್ಲಿ ನಾವೂ ನಮ್ಮ ಮನೆಯವರೂ ಅಲ್ಲಿ ಕೆಲವು ತಿಂಗಳು ಇದ್ದೆವು. ಆ ಊರಿನ ಪೂರ್ವಕ್ಕೆ ಅಚಾಫಲಾಯಾ ಎಂಬ ಮಹಾ ಜೌಗುಪ್ರದೇಶವಿದೆ. ಮಿಸಿಸಿಪಿಯ ನೀರಿನ ಒಂದು ಪಾಲು ಕವಲೊಡೆದು ಇದರ ಮೂಲಕ ಕಡಲಿಗೆ ಹೋಗುತ್ತದೆ. ಎಷ್ಟೋ ಕಡೆ ನೀರು ಮೊಳಕಾಲುದ್ದ, ಅದರ ಕೆಳಗೆ ಸೊಂಟದುದ್ದ ಕೆಸರು. ಸೈಪ್ರೆಸ್ ಮರಗಳ ಬೇರುಗಳು ಮೊಣಕಾಲುಗಳಂತೆ ನೀರಿನಿಂದ ಮೇಲೆದ್ದಿರುತ್ತವೆ. ನಮ್ಮ ಕೆರೆಗಳನ್ನು ಮುಚ್ಚುವ ಅದೇ ಅಂತರಗಂಗೆಯು ಅಲ್ಲಿಯೂ ಹಾಸಿದೆ. ಚಳಿ ಮೊದಲಾಯಿತೆಂದರೆ ಕೆನಡಾದ ಕಡೆಯಿಂದ ಬಾತುಗಳು ಇಲ್ಲಿಗೆ ಇಳಿದು ಬರುತ್ತವೆ.

ಅಳಿಯಂದಿರು 14 ಅಡಿ ಉದ್ದದ, ಚಪ್ಪಟೆ ತಳದ ಅಲ್ಯುಮಿನಿಯಂ ದೋಣಿಯೊಂದನ್ನು ಕೊಂಡಿದ್ದರು. ಅದಕ್ಕೆ 35 ಅಶ್ವಶಕ್ತಿಯ ಯಂತ್ರವನ್ನು ಕೂಡಿಸಬೇಕೆಂಬುದು ಅವರ ಹಂಬಲ. ಅವರ ಮಿತ್ರರು ಹಾಗೆಯೇ ಹೇಳಿದ್ದರಂತೆ. ಬೇಟೆಗೆ ಹೋಗುವುದು ಬೆಳಗಿನ ಜಾವ 4 ಗಂಟೆಗೆ, ಕತ್ತಲೆಯಲ್ಲಿ, ಕೊರೆಯುವ ನೀರಿನ ಮೇಲೆ. ಇದರ ಮೇಲೆ 9 ವರ್ಷದ ನಮ್ಮ ಮೊಮ್ಮಗನೂ ತಾನು ಹೋಗುವೆನೆಂದು ಹಟ ಹಿಡಿದಿದ್ದನು. ಒಂದು ರಾತ್ರಿ ಮಗಳು ನಮ್ಮ ಬಳಿ ಬಂದು, “ಅಪ್ಪ, ನಾನು ಹೇಳಿದರೆ ಇವರಿಗೆ ಹೆದರಿಕೆಯ ಮಾತಾಗಿ ಕಾಣುತ್ತದೆ. ನೀವೇ ಒಂದು ಮಾತು ಹೇಳಿ” ಎಂದಳು.

ನಮಗೆ ಧರ್ಮಸಂಕಟವಾಯಿತು. ಕ್ರೌಂಚವಧೆಯನ್ನು ಕಂಡ ಶೋಕವೇ ಶ್ಲೋಕವಾಯಿತೆಂದು ವರ್ಷವರ್ಷವೂ ಪಾಠ ಹೇಳಿದ ನಾಲಗೆಯಿದು. ಈಗ ಬೇಡನ ದೋಣಿಗೆ ಯಂತ್ರವನ್ನು ಸೂಚಿಸಬೇಕೆ? ನಮ್ಮ ಊರಿಗೆ ಸಮೀಪದ ಮಾಗಡಿ ಕೆರೆಗೆ ಪ್ರತಿ ಚಳಿಗಾಲವೂ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಯು ರಾಮ್ಸಾರ್ ಪಟ್ಟಿಗೂ ಸೇರಿತು. ಹಾರಿ ಬರುವ ಹಕ್ಕಿಯನ್ನು ಅತಿಥಿಯೆಂದು ನೋಡಿ ಬೆಳೆದವರು ನಾವು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾನೂನು ಇಂಥ ಬೇಟೆಯನ್ನು ನಿಷೇಧಿಸಿದೆ. ಅಲ್ಲಿಯಾದರೋ ಅದು ಕಾನೂನಿಗೆ ಒಳಪಟ್ಟ ವ್ಯವಹಾರ. 1934ರಿಂದ ಬೇಟೆಗಾರರು ಬಾತಿನ ಚಿತ್ರವುಳ್ಳ ಸರಕಾರಿ ಚೀಟಿಯನ್ನು ಕೊಳ್ಳಬೇಕು. ಆ ಹಣದಿಂದ ಜೌಗುಭೂಮಿಗಳನ್ನು ರಕ್ಷಿಸುತ್ತಾರೆ. ನೀರಿಗೆ ಬಿದ್ದ ಸೀಸದ ಗುಂಡುಗಳನ್ನು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದುದರಿಂದ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸವನ್ನು ದೇಶದಾದ್ಯಂತ ನಿಲ್ಲಿಸಿದ್ದಾರೆ. ಯಂತ್ರವನ್ನು ಆರಿಸಿ, ಅದರ ವೇಗದಿಂದ ದೋಣಿ ಸಾಗುವುದು ನಿಂತ ಮೇಲಲ್ಲದೆ ಗುಂಡು ಹಾರಿಸಕೂಡದೆಂಬ ನಿಯಮವೂ ಉಂಟು. ಈ ಕಡೆಯ ಮಾತನ್ನು ಕೇಳಿದಾಗ ನಮ್ಮ ಸಂಕಟವು ಸ್ವಲ್ಪ ತಿಳಿಯಾಯಿತು. ಯಂತ್ರವಿರುವುದು ಕೊಲ್ಲುವುದಕ್ಕಲ್ಲ, ಹೋಗಿ ಬರುವುದಕ್ಕೆ. ಹೋದವರು ತಿರುಗಿ ಮನೆಗೆ ಬರಲೆಂದು ಯೋಚಿಸುವುದು ಯಾವ ಶಾಸ್ತ್ರಕ್ಕೂ ವಿರುದ್ಧವಲ್ಲ.

ಮರುದಿನ ಅಳಿಯಂದಿರೊಡನೆ ಕುಳಿತೆವು. ಉಪದೇಶ ಮಾಡಲಿಲ್ಲ, ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿದೆವು. ನೀರು ಎಷ್ಟು ಆಳ? ನೀರಿನೊಳಗೆ ಏನಿದೆ? ದೋಣಿ ಎಷ್ಟು ಹೊರುತ್ತದೆ? ಮೊದಲಿನ ಎರಡಕ್ಕೆ ಅವರು ಉತ್ಸಾಹದಿಂದಲೇ ವಿವರಿಸಿದರು.

ಸಾಮಾನ್ಯ ಮೋಟಾರಿನ ಕಾಲು ನೀರೊಳಕ್ಕೆ ನೆಟ್ಟಗೆ ಇಳಿಯುತ್ತದೆ. ತನ್ನನ್ನು ತಂಪಾಗಿಟ್ಟುಕೊಳ್ಳಲು ಅದು ಕೆಳಗಿನ ನೀರನ್ನೇ ಹೀರಬೇಕು. ಕೆಸರಿನಲ್ಲಿ ಆ ದಾರಿ ಕಟ್ಟಿಕೊಂಡು ಯಂತ್ರವು ಕಾಯುತ್ತದೆ. ಕೊರಡು ತಾಗಿದರೆ ಪ್ರೊಪೆಲ್ಲರು ಮುರಿಯುತ್ತದೆ. ನೀರನ್ನು ಹೀರಿ ಹಿಂದಕ್ಕೆ ಚಿಮ್ಮುವ ಜೆಟ್ ಯಂತ್ರವು ಕಲ್ಲುಹಾಸಿನ ಹೊಳೆಗೆ ಒಳ್ಳೆಯದು, ಕಳೆಯಿರುವಲ್ಲಿ ಉಸಿರು ಕಟ್ಟುತ್ತದೆ. ಆದಕಾರಣ ಜೌಗಿಗೆ ಗಾಳಿಯಿಂದ ತಣಿಯುವ ಬೇರೆ ಜಾತಿಯ ಯಂತ್ರಗಳಿವೆ. ಒಂದು ಉದ್ದ ಬಾಲದ್ದು. ಥಾಯ್ಲೆಂಡಿನ ಕಾಲುವೆಗಳ ದೋಣಿಗಳಲ್ಲಿ ಈ ಕ್ರಮವು ಬಹುಕಾಲದಿಂದ ರೂಢಿಯಲ್ಲಿದೆ. ಲೂಯಿಸಿಯಾನಾದ ಬ್ಯಾಟನ್ ರೂಜ್ ನಗರದಲ್ಲಿ 1977ರಲ್ಲಿ ಆರಂಭವಾದ ಗೋ-ಡೆವಿಲ್ ಎಂಬ ಕಾರ್ಖಾನೆಯು ಇಂಥವನ್ನು ಮಾಡಿ ಹೆಸರಾಯಿತು. ದೋಣಿಯ ಹಿಂದೆ ಉದ್ದನೆಯ ಸರಳು ಓರೆಯಾಗಿ ಚಾಚಿರುತ್ತದೆ. ಅದರ ತುದಿಯ ಪ್ರೊಪೆಲ್ಲರು ಕೊರಡಿನ ಮೇಲೇರಿ ಆಚೆಗೆ ಇಳಿಯುತ್ತದೆ. ವೇಗ ಕಡಮೆ, ತಿರುಗಿಸಲು ತೋಳ್ಬಲ ಬೇಕು. ಇನ್ನೊಂದು ಗಿಡ್ಡ ಸರಳಿನದು. ಇದರ ಪ್ರೊಪೆಲ್ಲರು ಅರ್ಧ ನೀರಿನ ಮೇಲೆಯೇ ತಿರುಗುತ್ತದೆ. ವೇಗ ಹೆಚ್ಚು, ಚುರುಕಾಗಿ ತಿರುಗುತ್ತದೆ. ಆದರೆ ಭಾರವೂ ಬೆಲೆಯೂ ಹೆಚ್ಚು, ಭಾರವೆಲ್ಲ ದೋಣಿಯ ಹಿಂಭಾಗಕ್ಕೆ ಬೀಳುತ್ತದೆ. ಎರಡೂ ಕಿವಿ ಕೆಡಿಸುವಷ್ಟು ಗದ್ದಲ ಮಾಡುತ್ತವೆ. ಅಳಿಯಂದಿರು ಬಯಸಿದ್ದು ಈ ಎರಡನೆಯದನ್ನು.

ಮೂರನೆಯ ಪ್ರಶ್ನೆಗೆ ಉತ್ತರವು ದೋಣಿಯ ಮೈಮೇಲೆಯೇ ಇದ್ದಿತು. ಅಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಹೊರುವ ಮಿತಿಯನ್ನು ಬರೆದ ತಗಡನ್ನು ಕಾರ್ಖಾನೆಯವರು ಬಡಿದಿರುತ್ತಾರೆ. ಈ ತಗಡಿನಲ್ಲಿ ಯಂತ್ರಕ್ಕೆ 15 ಅಶ್ವಶಕ್ತಿ, ಜನ, ಯಂತ್ರ, ಸಾಮಾನು ಎಲ್ಲ ಸೇರಿ 700 ಪೌಂಡು ಎಂದಿತ್ತು. ಕಾಗದವನ್ನು ತೆಗೆದು ಲೆಕ್ಕ ಬರೆದೆವು. ಬಟ್ಟೆಬರೆ ಸಹಿತ ಅಳಿಯಂದಿರೂ ಮಿತ್ರರೂ 380. ಬಿದ್ದ ಹಕ್ಕಿಯನ್ನು ತರುವ ನಾಯಿ 65. ಕೋವಿ, ಗುಂಡು, ನಕಲಿ ಬಾತುಗಳು, ಎಣ್ಣೆ, ಇತ್ಯಾದಿ 130. ಒಟ್ಟು 575, ಉಳಿದುದು 125. ಅವರು ಬಯಸಿದ ಯಂತ್ರದ ತೂಕವೇ 260! ಅಳಿಯಂದಿರು ಕಾಗದವನ್ನು ಎರಡು ಸಲ ನೋಡಿದರು. ಉದ್ದ ಬಾಲದ 9 ಅಶ್ವಶಕ್ತಿಯದು 105 ಪೌಂಡು; 20 ಪೌಂಡು ಉಳಿಯುತ್ತದೆ. “ಹಾಗಾದರೆ ಇದೇ ಸರಿ, ಮಾವ. ಅರ್ಧ ಗಂಟೆ ಮೊದಲು ಹೊರಟರಾಯಿತು” ಎಂದರು.

ಆಗ ಬಾಗಿಲ ಬಳಿ ನಿಂತಿದ್ದ ಮೊಮ್ಮಗನು, “ಅಜ್ಜ, ನನ್ನ ತೂಕವನ್ನೇಕೆ ಬರೆಯಲಿಲ್ಲ?” ಎಂದನು. ಅವನ ತೂಕ 62. ಯಾರೂ ಮಾತಾಡಲಿಲ್ಲ. ಮಗುವಿನ ಕಣ್ಣು ತುಂಬಿತು. ನಾವಾಗಲಿ ಅವನ ತಾಯಿಯಾಗಲಿ ಬೇಡವೆಂದಿದ್ದರೆ ಅದು ಹಿರಿಯರ ಹಟವಾಗುತ್ತಿತ್ತು, ಬೇಡವೆಂದುದು ಅಂಕಿ. ಸ್ವಲ್ಪ ಹೊತ್ತಿನ ಮೇಲೆ ಅಳಿಯಂದಿರು ಮಗನನ್ನು ಹತ್ತಿರಕ್ಕೆ ಕರೆದು, “ಬೇಟೆಗೆ ನೀನು ಈ ವರ್ಷ ಬೇಡ. ಆದರೆ ದೋಣಿಯನ್ನು ಮೊದಲು ಹತ್ತುವವನು ನೀನೇ” ಎಂದರು.

ಅದರಂತೆ ಯಂತ್ರ ಬಂದ ವಾರ, ಹಾಡುಹಗಲಿನಲ್ಲಿ, ಕೋವಿಯನ್ನೂ ನಾಯಿಯನ್ನೂ ಮನೆಯಲ್ಲಿ ಬಿಟ್ಟು, ಮಿತ್ರರ ಜಾಗದಲ್ಲಿ ನಮ್ಮನ್ನು ಕೂರಿಸಿ ಹೊರಟರು. ಮೂವರಿಗೂ ಲೈಫ್ ಜಾಕೆಟ್ಟು, ಕಿವಿಗೆ ಮುಚ್ಚಳ. ನಡೆಸುವವನು ನೀರಿಗೆ ಬಿದ್ದರೆ ಯಂತ್ರವು ತಾನಾಗಿ ನಿಲ್ಲುವಂತೆ ಒಂದು ದಾರವನ್ನು ಅಳಿಯಂದಿರು ತಮ್ಮ ಮೈಗೆ ಸಿಕ್ಕಿಸಿಕೊಂಡರು. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ವೇಗವಾಗಿ ಹೋಗುವಾಗ ಇಂಥ ಕಟ್ಟು ಇರಲೇಬೇಕೆಂದು 2021ರ ಏಪ್ರಿಲ್ 1ರಿಂದ ಅಲ್ಲಿ ಕಾನೂನಾಗಿದೆ. ಉದ್ದ ಬಾಲದ ಯಂತ್ರಕ್ಕೆ ಇದು ಮುಖ್ಯ. ಹಿಂದೆ ತಿರುಗುವ ಪ್ರೊಪೆಲ್ಲರು ಬಿದ್ದವನನ್ನು ನೋಡುವುದಿಲ್ಲ. ಮುಳುಗಿದ ಕೊರಡೊಂದಕ್ಕೆ ತಾಗಿ ಬಾಲವು ಎದ್ದಿತು, ಎರಡು ಮಾರು ಕೆಸರನ್ನು ಚಿಮ್ಮಿಸಿತು, ಮತ್ತೆ ನೀರಿಗಿಳಿದು ಮುಂದೆ ನಡೆಯಿತು. ಯಂತ್ರವನ್ನು ಆರಿಸಿದಾಗ ಆದ ನಿಶ್ಶಬ್ದದಲ್ಲಿ ನೂರಾರು ಬಾತುಗಳು ಮೇಲೆದ್ದವು. “ಅಜ್ಜ, ಇವನ್ನು ಕೊಲ್ಲುವುದು ಪಾಪವೆ?” ಎಂದು ಮಗು ಕೇಳಿದನು. “ನಾನು ಕೊಲ್ಲೆ. ನಿನ್ನ ತಂದೆಯವರು ಕೊಂದುದನ್ನು ಬಿಸಾಡುವುದಿಲ್ಲ, ಮಿತಿಯನ್ನು ಮೀರುವುದಿಲ್ಲ. ದೊಡ್ಡವನಾದ ಮೇಲೆ ನಿನ್ನದನ್ನು ನೀನು ಯೋಚಿಸು” ಎಂದೆವು. ಅಳಿಯಂದಿರು ಕೇಳಿಯೂ ಕೇಳದವರಂತೆ ಹುಟ್ಟು ಹಾಕುತ್ತಿದ್ದರು.

ಗೃಹಸ್ಥರು ನೀರೆತ್ತುವ ಪಂಪನ್ನಾಗಲಿ ಮಗನಿಗೆ ಮೋಟಾರು ಬೈಸಿಕಲ್ಲನ್ನಾಗಲಿ ಕೊಳ್ಳುವಾಗ “ಬಲವೆಷ್ಟು?” ಎಂದು ಮೊದಲು ಕೇಳುವುದು ವಾಡಿಕೆ. “ಎಲ್ಲಿ ನಡೆಯಬೇಕು, ಯಾರನ್ನು ಹೊರಬೇಕು?” ಎಂಬುದು ಮೊದಲಾಗಲಿ, ಬಲದ ಪ್ರಶ್ನೆ ಹಿಂದಿನಿಂದ ಬರಲಿ. ಆ ಚಳಿಗಾಲದಲ್ಲಿ ಅಳಿಯಂದಿರು 6 ಸಲ ಬೇಟೆಗೆ ಹೋದರು. ಹೋದ ದಿನಗಳಲ್ಲಿ ಮಗಳು ಒಲೆಯ ಮುಂದೆ ಗಡಿಯಾರವನ್ನು ನೋಡುತ್ತಲೇ ಇದ್ದಳು. ಆದರೆ ಮೊದಲಿನಂತೆ ಹತ್ತು ಸಲ ಬಾಗಿಲಿಗೆ ಹೋಗಿ ನಿಲ್ಲುತ್ತಿರಲಿಲ್ಲ.