ತಟ್ಟೆಯ ನೀರು

ಕೀಟಗಳನ್ನು ಭಕ್ಷಿಸುವ ಗಿಡಗಳಿರುವ ಮನೆಯಲ್ಲಿ ಸೊಳ್ಳೆಗೆ ಎಡೆಯೆಲ್ಲಿ ಎಂಬ ಪ್ರಶ್ನೆಯನ್ನು ಹೈದರಾಬಾದಿನ ಕಾಚಿಗುಡದ ನಮ್ಮ ಮನೆಗೆ ಬರುವ ಬಂಧುಗಳಲ್ಲಿ ಒಬ್ಬರಲ್ಲ ಒಬ್ಬರು ಕೇಳದೆ ಹೋಗುವುದಿಲ್ಲ. ಸೋದರತ್ತೆಯವರಂತೂ ನಾನು ತಾರಸಿಯ ಮೇಲಿನ ತಟ್ಟೆಗಳ ನೀರನ್ನು ಬಗ್ಗಿಸುವುದನ್ನು ಕಂಡರೆ, “ಇರಲಿ ಬಿಡಪ್ಪಾ, ನಿನ್ನ ಗಿಡಗಳಿಗೂ ಊಟ ಬೇಡವೇ?” ಎಂದು ತಡೆಯುತ್ತಾರೆ. ಮಾತು ಮುದ್ದಾಗಿದೆ, ಅದರೊಳಗಿನ ಭ್ರಾಂತಿ ಮಾತ್ರ ಅಪಾಯಕರವಾದುದು.

ವೀನಸ್ ಫ್ಲೈಟ್ರ್ಯಾಪ್, ಸಾರಸೀನಿಯಾ, ಡ್ರಾಸೆರಾ ಇವೆಲ್ಲ ಜವುಗುನೆಲದ ಸಂತತಿ. ನಿಸ್ಸಾರವಾದ ಮಣ್ಣಿನಲ್ಲಿ ನಿಂತು, ಅಲ್ಲಿ ದೊರೆಯದ ಸಾರಜನಕವನ್ನು ಕೀಟದೇಹದಿಂದ ಪಡೆಯುವ ವಿದ್ಯೆಯನ್ನು ಸಾಧಿಸಿಕೊಂಡ ಇವುಗಳ ಬೇರು ಲವಣವನ್ನು ಸಹಿಸದು. ಹೈದರಾಬಾದಿನ ಗ್ರಾನೈಟ್ ಬಂಡೆಗಳ ಒಡಲಿನಿಂದ ಬರುವ ಬೋರ್ ನೀರನ್ನು ಉಣಿಸಿದರೆ ತಟ್ಟೆಯ ಅಂಚಿನಲ್ಲಿ ಬಿಳಿಯ ಗೆರೆಯೊಂದು ಮೂಡುತ್ತದೆ. ಗೆರೆ ದಪ್ಪವಾದಂತೆಲ್ಲ ಗಿಡ ಕೃಶವಾಗುತ್ತದೆ. ಆದುದರಿಂದ ಬಾಯಿಗೆ ಬಟ್ಟೆ ಬಿಗಿದ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು, ಅದು ತೀರಿದರೆ ಡಿಸ್ಟಿಲ್ಡ್ ನೀರು. ಅದನ್ನೂ ಮೇಲಿನಿಂದ ಸುರಿಯದೆ, ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರು ನಿಲ್ಲಿಸಿ, ಕುಂಡವು ತಳದಿಂದ ಹೀರಿಕೊಳ್ಳುವಂತೆ ಮಾಡಬೇಕು. ಮೇಘಾಲಯದ ಹೂಜಿಗಿಡಕ್ಕೆ ಈ ಉಪಚಾರ ಸಲ್ಲದು. ನಿಂತ ನೀರಿನಲ್ಲಿ ಅದರ ಬೇರು ಕೊಳೆಯುತ್ತದೆ.

ತಿಳಿಯಾದ, ನಿಶ್ಚಲವಾದ, ಎಲೆಯ ನೆರಳಿನ ಈ ನೀರೇ ಡೆಂಗಿ ಹರಡುವ ಈಡಿಸ್ ಸೊಳ್ಳೆಗೂ ಪರಮಪ್ರಿಯ. ಫ್ಲೈಟ್ರ್ಯಾಪ್ ಹಿಡಿಯುವುದು ಬಹುಮಟ್ಟಿಗೆ ಇರುವೆ, ಜೇಡಗಳಂಥ ಹರಿದಾಡುವ ಪ್ರಾಣಿಗಳನ್ನು. ತನ್ನ ಕಾಲಡಿಯ ನೀರಿನಲ್ಲಿ ನುಲಿದಾಡುವ ಸೊಳ್ಳೆಮರಿಯ ಗೊಡವೆಗೆ ಅದು ಹೋಗಲಾರದು.

ಈ ಊರಿನಲ್ಲಿ ನಿಂತ ನೀರಿನ ಮಾತು ಬಂದಾಗಲೆಲ್ಲ ನನಗೆ ರೊನಾಲ್ಡ್ ರಾಸನ ನೆನಪಾಗುತ್ತದೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ತರುಣ ರಾಸನು, ತನ್ನ ಬಂಗಲೆಯಲ್ಲಿ ಸೊಳ್ಳೆಗಳು ಮಿತಿಮೀರಿದುದೇಕೆಂದು ಅರಸುತ್ತ ಹೋಗಿ, ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಅವುಗಳ ಮರಿಗಳನ್ನು ಕಂಡು, ತೊಟ್ಟಿಯನ್ನು ಮಗುಚಿಹಾಕಿದನು, ಕಾಟ ಇಳಿಯಿತು. ದಂಡಿನ ಮಿಕ್ಕ ಪಾತ್ರೆಗಳನ್ನೂ ಬರಿದುಮಾಡೋಣವೆಂದು ಅಧಿಕಾರಿಯೊಬ್ಬನಲ್ಲಿ ಅರಿಕೆ ಮಾಡಿಕೊಂಡಾಗ, ಸೃಷ್ಟಿಯ ಕ್ರಮಕ್ಕೆ ಕೈಹಾಕಬಾರದೆಂಬ ಉತ್ತರ ಬಂದಿತು. 14 ವರ್ಷಗಳ ತರುವಾಯ ಅದೇ ಮನುಷ್ಯನು ಇಲ್ಲಿಯ ಸಿಕಂದರಾಬಾದಿಗೆ ಬಂದು, ಬೇಗಂಪೇಟೆಯ ಆಸ್ಪತ್ರೆಯ ಸೆಕೆಯಲ್ಲಿ, ಛೇದಿಸಿಟ್ಟ ಸೊಳ್ಳೆಗಳು ಹಾರಿಹೋದಾವೆಂದು ಪಂಕದ ಗಾಳಿಯನ್ನೂ ತೊರೆದು, ಬೆವರಿನಿಂದ ತಿರುಪುಗಳು ತುಕ್ಕುಹಿಡಿದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತನು. ಹುಸೇನ್ ಖಾನನೆಂಬ ಮಲೇರಿಯಾ ರೋಗಿಯು, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ಜ್ವರದ ಮೈಯನ್ನು ಒಡ್ಡಿದನು. 1897ರ ಆಗಸ್ಟ್ 20ರಂದು ಚುಕ್ಕೆರೆಕ್ಕೆಯ ಸೊಳ್ಳೆಯೊಂದರ ಜಠರಭಿತ್ತಿಯಲ್ಲಿ, ಕಪ್ಪು ಕಣಗಳನ್ನು ಒಳಗೊಂಡ ದುಂಡನೆಯ ಕೋಶಗಳು ರಾಸನ ಕಣ್ಣಿಗೆ ಬಿದ್ದುವು. ಮಲೇರಿಯಾದ ರೋಗಾಣು ಸೊಳ್ಳೆಯ ಒಡಲಿನಲ್ಲಿ ಬೆಳೆಯುತ್ತದೆಂಬುದು ಹೀಗೆ ತಿಳಿದುಬಂತು; 1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಆ ಆಸ್ಪತ್ರೆಯ ಕಟ್ಟಡವು ಈಗಲೂ ಬೇಗಂಪೇಟೆಯಲ್ಲಿದೆ. ರಾಸನ ಹೆಸರನ್ನೇ ಹೊತ್ತಿದೆ. ನನಗೆ ಮಾತ್ರ ಆ ಸಾಹಸದಲ್ಲಿ ಹೆಚ್ಚು ಆಪ್ತನಾಗಿ ಕಾಣುವವನು ಹುಸೇನ್ ಖಾನನೇ. ಆ ಸೊಳ್ಳೆಗಳ ಹೊಟ್ಟೆ ಸೇರಿದ್ದು ಅವನ ರಕ್ತ. ಅವನ ಹೆಸರಿನದೂ ಒಂದು ಫಲಕ ಅಲ್ಲಿರಬೇಕಾದುದು ನ್ಯಾಯ.

ಅಂಥವರು ಬಾಳಿದ ಊರಿನಲ್ಲಿ ಗಿಡದ ಮೇಲಿನ ಅಕ್ಕರೆಯ ನೆಪದಿಂದ ನೀರನ್ನು ನಿಲ್ಲಿಸಿ ಮರೆಯುವುದು ನೆರೆಮನೆಯ ಮಕ್ಕಳಿಗೆ ಮಾಡುವ ದ್ರೋಹವೆಂದೇ ನಾನು ಬಗೆಯುತ್ತೇನೆ. ಮಳೆನೀರು ದುರ್ಲಭವಾದರೆ ತಟ್ಟೆಯಿಂದ ಬಗ್ಗಿಸಿದ ನೀರನ್ನೇ ತೆಳುಬಟ್ಟೆಯಲ್ಲಿ ಸೋಸಿ ಮರಳಿ ಬಳಸಬಹುದು. ಬಟ್ಟೆಯಲ್ಲಿ ಉಳಿದ ಮರಿಗಳು ಬಿಸಿಲಿಗೆ ಒಣಗಲಿ. ಆದರೆ ನೀರು ಬದಲಿಸಿದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಈಡಿಸ್ ಸೊಳ್ಳೆಯು ಮೊಟ್ಟೆಗಳನ್ನು ಅಂಟಿಸುವುದು ನೀರಿನ ಮಟ್ಟಕ್ಕಿಂತ ತುಸು ಮೇಲಿನ ಒದ್ದೆಯ ಅಂಚಿಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ಮರಿ ಸೊಳ್ಳೆಯಾಗಲು ನಮ್ಮ ಸೆಕೆಯಲ್ಲಿ ವಾರ ಹತ್ತು ದಿನ ಸಾಕು. ಇಂಥ ಗಿಡಗಳನ್ನು ಸಾಕಿದವರು ದಯವಿಟ್ಟು ವಾರಕ್ಕೊಮ್ಮೆ ಕುಂಡವನ್ನು ಎತ್ತಿಟ್ಟು, ತಟ್ಟೆಯ ಅಂಚನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿರಿ.